ಕೆಂಚ ನರಿ ಕಳೆದುಕೊಂಡ ಒಂದು ಮರ

ಒಂದು ಕಾಡಿನಲ್ಲಿ ಬೇಸಿಗೆ ಬಂದರೆ ಒಂದೇ ಹೊಂಡದಲ್ಲಿ ನೀರು ಉಳಿಯುತ್ತಿತ್ತು. ಬೆಳಿಗ್ಗೆ ಮೊದಲು ಹೋದವರಿಗೆ ತಿಳಿನೀರು, ಆಮೇಲೆ ಹೋದವರಿಗೆ ಬರೀ ರಾಡಿ. ಬೇಸಿಗೆ ಮುಗಿಯುವ ತನಕ ಮೊದಲು ಕುಡಿಯುವವರು ಯಾರು ಅಂತ ಪ್ರಾಣಿಗಳಿಗೆ ಜಗಳ ಹತ್ತಿತು. ಕೊನೆಗೆ, ಎರಡು ಗುಂಪಾಗಿ ಆಟ ಆಡಿ, ಗೆದ್ದ ಗುಂಪು ಮೊದಲು ಕುಡಿಯಲಿ ಅಂತಾಯಿತು.

ಆಟ ಎಂಥದ್ದು ಅಂತೀರಾ? ಹೊಂಡದ ದಡದಲ್ಲಿ ಸಾಲಾಗಿ ಹೊಂಗೆ ಮರಗಳಿದ್ದವು. ಒಂದು ಬೇಲದ ಕಾಯಿಯನ್ನು ಅವುಚಿಕೊಂಡು ಓಡಬೇಕು. ಎದುರಿನವರ ಕಡೆಯ ಕೊನೇ ಮರ ದಾಟಿದರೆ ಒಂದು ಗೆಲುವು. ಆಮೇಲೆ ಕಾಯಿ ಸೋತವರ ಕೈಗೆ. ಹೊಂಡದ ಪಕ್ಕದ ಬಂಡೆಯ ನೆರಳು ನೀರು ಮುಟ್ಟಿದರೆ ಆಟ ಮುಗಿಯಿತು, ಹೆಚ್ಚು ಗೆಲುವು ಯಾರದೋ ಅವರೇ ಗೆದ್ದಂತೆ.

ನ್ಯಾಯ ಹೇಳಲು ಆನೆ ಸಿದ್ದಜ್ಜಿ ನಿಂತಳು. "ಬಾಲ ಹಿಡಿದು ಎಳೆಯೋದು ತಪ್ಪು ಕಣ್ರೋ! ಎಳೆದರೆ ಆ ಓಟ ಮತ್ತೆ ಆಡಿಸ್ತೀನಿ. ಎಳೆದವರ ಗುಂಪು ಒಂದು ಮರ ಹಿಂದೆ ಸರೀಬೇಕು" ಅಂದಳು.

ಕೆಂಚ ನರಿಯ ಕಿವಿ ನೆಟ್ಟಗಾಯಿತು. 'ಆಹಾ! ಅವರು ಗೆಲ್ಲೋ ಹಾಗಿದ್ದರೆ ಬಾಲ ಎಳೆದುಬಿಟ್ಟರಾಯ್ತು. ಓಟವೇ ರದ್ದು! ಒಂದು ಮರ ತಾನೆ, ಹೋದರೆ ಹೋಗಲಿ' ಅಂದುಕೊಂಡ.

ಆಟ ಬಹಳ ಹೊತ್ತು ಸಮಸಮವಾಗಿ ನಡೆಯಿತು. ಅಷ್ಟರಲ್ಲಿ ಎದುರು ಗುಂಪಿನ ಮೊಲ ಪುಟ್ಟತಾಯಿ ಕಾಯಿ ಅವುಚಿಕೊಂಡು ಬುಡುಬುಡು ಓಡಿದಳು. ಕೊನೇ ಮರ ಇನ್ನೇನು ಬಂತು ಅನ್ನುವಾಗ ಕೆಂಚ ಹಾರಿ ಅವಳ ಬಾಲ ಕಚ್ಚಿದ. ಮೊಲದ ಬಾಲ ಎಷ್ಟಿರುತ್ತೆ ಪಾಪ! ಬಾಯಿಗೆ ಕೂದಲು ಬಂತು, ಮೊಲ ಬರಲಿಲ್ಲ. ಪುಟ್ಟತಾಯಿ ಮರ ದಾಟಿಯೇಬಿಟ್ಟಳು.

"ಅಜ್ಜೀ, ತಪ್ಪಾಯ್ತು! ನಾನು ಬಾಲ ಎಳೆದೆ! ನೋಡಿ, ಬಾಯ್ತುಂಬ ಕೂದಲು!" ಅಂತ ಕೆಂಚನೇ ಕುಣಿದಾಡಿದ.

"ಲೋ, ಮೆತ್ತಗೆ ಹೇಳೋ! ನಾಚಿಕೆ ಆಗಲ್ವೇನೋ?" ಅಂದ ಅವನದೇ ಗುಂಪಿನ ಹಂದಿ ದುಗ್ಗಣ್ಣ.

"ಸುಮ್ಮನಿರಣ್ಣ. ಅಜ್ಜಿ ಹೇಳಿದ್ದಾರಲ್ಲ, ಓಟ ಮತ್ತೆ ಆಡಿಸಬೇಕು!"

ಸಿದ್ದಜ್ಜಿ ಸೊಂಡಿಲು ಬೀಸಿದಳು. "ಮತ್ತೆ ಆಡಿಸೋದು ಯಾರಿಗೋಸ್ಕರ ಮಗಾ? ಎಳೆಸಿಕೊಂಡವರಿಗೆ ನಷ್ಟ ಆಗಬಾರದು ಅಂತ. ಅವಳನ್ನೇ ಕೇಳೋಣ. ಪುಟ್ಟತಾಯಿ, ಮತ್ತೆ ಓಡ್ತೀಯೇನಮ್ಮ?"

"ಯಾಕಜ್ಜಿ? ದಾಟಿ ಆಯ್ತಲ್ಲ!" ಅಂದಳು ಮೊಲ, ಹಿಂದೆ ಸವರಿಕೊಳ್ಳುತ್ತಾ.

"ಹಾಗಾದರೆ ಗೆಲುವು ನಿಂದೇ."

ಕೆಂಚನ ಮುಖ ಸಣ್ಣಗಾಯಿತು. "ಹೋಗಲಿ ಬಿಡಿ. ಅವಳ ಗೆಲುವು ಉಳೀತು, ಹಾಗಾದರೆ ನನ್ನ ತಪ್ಪೂ ಅಳಿಸಿಹೋಯ್ತು ಅಲ್ವಾ?"

"ಎಲ್ಲಿ ಅಳಿಸಿತು? ಈಗ ಕಾಯಿ ನಿಮ್ಮದು. ನಿಮ್ಮ ಓಟ ಒಂದು ಮರ ಹಿಂದಿನಿಂದ ಶುರುವಾಗಲಿ!"

ಬಂಡೆಯ ನೆರಳು ಆಗಲೇ ನೀರಿನ ಹತ್ತಿರ ಬಂದಿತ್ತು. ಕೆಂಚ ಕಾಯಿ ಅವುಚಿಕೊಂಡು ಬಿದ್ದಂಬೀಳ ಓಡಿದ. ಇದೊಂದು ಗೆದ್ದರೆ ಸಮ ಆಗುತ್ತೆ, ಎರಡು ಗುಂಪೂ ಒಟ್ಟಿಗೆ ತಿಳಿನೀರು ಕುಡಿಯಬಹುದು. ಜಿಂಕೆಯನ್ನು ತಪ್ಪಿಸಿದ, ಮುಳ್ಳುಹಂದಿಯನ್ನು ಹಾರಿದ. ಇನ್ನು ಒಂದೇ ಮರ!

"ನೆರಳು ಮುಟ್ಟಿತು!" ಅಂದಳು ಸಿದ್ದಜ್ಜಿ.

ಕೆಂಚ ಅಲ್ಲೇ ನಿಂತ. ಕೊನೇ ಮರ ಮುಂದೆಯೇ ಇತ್ತು.

ಮಾರನೇ ಬೆಳಿಗ್ಗೆ ಮೊಲದ ಗುಂಪು ಕುಡಿದು, ಮಿಂದು ಹೋದ ಮೇಲೆ ಕೆಂಚ ಹೊಂಡಕ್ಕೆ ಬಂದ.

"ಹಲ್ಲಲ್ಲಿ ಇನ್ನೂ ಕೂದಲಿದೆ ಕಣೋ, ಬಾಯಿ ಮುಕ್ಕಳಿಸಿಕೋ" ಅಂದ ದುಗ್ಗಣ್ಣ.

ಕೆಂಚ ಹೊಂಡಕ್ಕೆ ಬಾಯಿ ಹಾಕಿದ. ಬಾಯ್ತುಂಬ ರಾಡಿ.

ನೀತಿ: ನಿಯಮ ಇರುವುದು ಅನ್ಯಾಯಕ್ಕೆ ಒಳಗಾದವರನ್ನು ಕಾಯಲು, ತಪ್ಪು ಮಾಡಿದವನು ಅದೇ ನಿಯಮದಿಂದ ಲಾಭ ಪಡೆಯಲಾರ.