ಮುಗುಚಿದ ದೋಣಿಯ ಗಂಟು

"ಗುರುಗಳೇ, ನಾಲ್ಕು ಜನರ ಮುಂದೆ ಹೋದ ಮಾನ ಮತ್ತೆ ಬರುವುದು ಹೇಗೆ?" ಎಂದು ಬಸಲಿಂಗ ಕೇಳಿದ.

ಹಿಂದಿನ ಸಂಜೆ ಪಕ್ಕದ ಊರಿನವರು ಅವನನ್ನು ಪ್ರವಚನಕ್ಕೆ ಕರೆಸಿದ್ದರು. ಅರ್ಧ ಹೇಳುವಷ್ಟರಲ್ಲಿ ಮುಂದಿನ ಮಾತು ಮರೆತುಹೋಯಿತು. ಹಿಂದೆ ಕೂತಿದ್ದ ಯಾರೋ ಕಿಸಕ್ಕೆಂದು ನಕ್ಕರು. ಬಸಲಿಂಗ ಕಟ್ಟೆ ಇಳಿದವನೇ ತಿರುಗಿ ನೋಡದೆ ಮಠಕ್ಕೆ ಬಂದುಬಿಟ್ಟಿದ್ದ. ಇನ್ನು ಮೇಲೆ ಯಾವ ಊರಿನ ಕಟ್ಟೆಯನ್ನೂ ಹತ್ತುವುದಿಲ್ಲವೆಂದು ಬೆಳಗಿನಿಂದ ಹೇಳಿಕೊಂಡು ತಿರುಗುತ್ತಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಬಯಲಿನ ಅಗಲವಾದ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದ. ಅವನ ದೋಣಿ ಒಮ್ಮೆಯೂ ಮುಗುಚಿರಲಿಲ್ಲ. ಅದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಸುಳ್ಳಲ್ಲವಲ್ಲ, ಹೇಳಲಿ ಬಿಡು.

ಅವನ ತಂಗಿಯನ್ನು ಬೆಟ್ಟದ ತಪ್ಪಲಿನ ಒಂದು ಊರಿಗೆ ಕೊಟ್ಟಿತ್ತು. ಮಳೆಗಾಲದಲ್ಲಿ ಆ ಊರಿಗೆ ಕಾಲುದಾರಿ ಮುಚ್ಚಿಹೋಗುತ್ತದೆ. ಬೆಟ್ಟದ ಮೇಲಿನ ಊರಿನಿಂದ ಒಂದು ಹೊಳೆ ಬಂಡೆಗಳ ನಡುವೆ ನೊರೆ ಕಾರುತ್ತ ಅಲ್ಲಿಗೆ ಇಳಿಯುತ್ತದೆ. ಆಗ ಉಳಿಯುವುದು ಅದೊಂದೇ ದಾರಿ. ಮಳೆ ಹಿಡಿದರೆ ಕೆಳಗಿನ ಊರಿಗೆ ಜ್ವರ. ಮೇಲಿನ ಊರಿನ ಮುದುಕಿಯೊಬ್ಬಳು ವರ್ಷವರ್ಷವೂ ಔಷಧಿಯ ಗಂಟನ್ನು ಆ ಹೊಳೆಯಲ್ಲೇ ಒಯ್ದು ಮುಟ್ಟಿಸುತ್ತಿದ್ದಳು. ಈಗ ಅವಳ ಮಂಡಿ ಸೋತಿತ್ತು. ಸುದ್ದಿ ತಿಳಿದ ಅಂಬಿಗ ಬೆಟ್ಟ ಹತ್ತಿ ಹೋಗಿ, ಮುಂದಿನ ಮಳೆಗಾಲಕ್ಕೆ ಗಂಟು ನಾನೇ ಒಯ್ಯುತ್ತೇನೆ ಎಂದ.

ಮುದುಕಿ ತನ್ನ ದೋಣಿ ತೋರಿಸಿದಳು. ಒಬ್ಬನಿಗಾಗುವಷ್ಟೇ ದೋಣಿ. ಮೇಲೆಲ್ಲ ಮುಚ್ಚಿತ್ತು, ನಡುವೆ ಮಾತ್ರ ಒಂದು ಬಾಯಿ. ಅದರೊಳಗೆ ಮಂಡಿಯೂರಿ ಕೂತು, ತೊಡೆಗೆ ಪಟ್ಟಿ ಬಿಗಿದು, ನೀರು ಒಳಬಾರದಂತೆ ಸೊಂಟದ ಸುತ್ತ ಎಣ್ಣೆಬಟ್ಟೆ ಕಟ್ಟಿಕೊಳ್ಳಬೇಕು. ಕೈಯಲ್ಲಿ ಒಂದೇ ಹುಟ್ಟು. ಅಂಬಿಗನಿಗೆ ನಗು ಬಂತು. ಮುಚ್ಚಳ ಹಾಕಿದ ಮರಿಗೆ ಎಂದುಕೊಂಡ.

ಆ ಹೊಳೆಯಲ್ಲಿ ಮುಗುಚದೆ ಇಳಿದವರಿಲ್ಲ. ಆದ್ದರಿಂದ ಅಲ್ಲಿಯವರು ಮೊದಲು ಕಲಿಸುವುದು ಮುಗುಚಿದ ದೋಣಿಯಲ್ಲಿ ಕೂತೇ ಮತ್ತೆ ಏಳುವುದನ್ನು. ನಡೆಸುವುದು ಆಮೇಲೆ. ಕಲಿಯುವವನ ಮಧ್ಯಾಹ್ನದ ರೊಟ್ಟಿಯ ಗಂಟನ್ನು ದೋಣಿಯ ಹೊಟ್ಟೆಯೊಳಗೆ ಕಟ್ಟುವುದು ಅವರ ಪದ್ಧತಿ. ಮುದುಕಿ ಅಂಬಿಗನನ್ನು ನಿಂತ ನೀರಿನ ಮಡುವಿನಲ್ಲಿ ಕೂರಿಸಿ, ಕೋಲಿನಿಂದ ನೂಕಿ ದೋಣಿಯನ್ನು ಮುಗುಚಿದಳು.

ತಲೆ ಕೆಳಗಾದೊಡನೆ ಅಂಬಿಗ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ. ಉಸಿರಿಗಾಗಿ ಮೊದಲು ತಲೆಯನ್ನು ಮೇಲೆತ್ತಿದ. ತಲೆಯ ಭಾರಕ್ಕೆ ದೋಣಿ ಮತ್ತೆ ಕವುಚಿತು. ಆಗ ಎಣ್ಣೆಬಟ್ಟೆ ಕಿತ್ತು, ಪಟ್ಟಿ ಬಿಚ್ಚಿ ಹೊರಬಿದ್ದು, ಈಜಿ ದಡ ಹತ್ತಿದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಇವನೂ ಎದೆಯುಬ್ಬಿಸಿಯೇ ನಿಂತ.

"ನೋಡಜ್ಜಿ, ಹೆಂಗೆ ಬದುಕಿ ಬಂದೆ!"

"ನೀನು ಬಂದೆ ಕಣಪ್ಪಾ. ಗಂಟೆಲ್ಲಿ?"

ನೀರು ತುಂಬಿದ ದೋಣಿಯನ್ನು ಎಳೆದು ತಂದು ನೋಡಿದರೆ ರೊಟ್ಟಿ ಕಲಸಿದ ಹಿಟ್ಟಾಗಿತ್ತು. ಅಂದು ಅದನ್ನೇ ತಿಂದ. ಮರುದಿನವೂ ಅದನ್ನೇ ತಿಂದ. ಮುದುಕಿ ಹೇಳುವುದು ಇಷ್ಟೇ: ಹುಟ್ಟಿನಿಂದ ನೀರನ್ನು ಒತ್ತು, ಮಂಡಿಯಿಂದ ದೋಣಿಯನ್ನು ಎತ್ತು, ತಲೆ ಕೊನೆಗೆ ಬರಲಿ. ಕೇಳಲು ಸುಲಭ. ನೀರೊಳಗೆ ಉಸಿರು ಕಟ್ಟಿದವನಿಗೆ ಇದನ್ನು ಹೇಳಿ ನೋಡು, ಗೊತ್ತಾಗುತ್ತದೆ. ಬೇಸಿಗೆಯೆಲ್ಲ ಹಿಟ್ಟು ತಿಂದು ತಿಂದು ಅವನಿಗೆ ರೊಟ್ಟಿಯ ರುಚಿಯೇ ಮರೆತುಹೋಯಿತು. ಕೊನೆಗೊಂದು ದಿನ ದೋಣಿ ಎದ್ದಿತು, ಅದರ ಹಿಂದೆಯೇ ತಲೆಯೂ ಎದ್ದಿತು. ಒಣ ರೊಟ್ಟಿಯನ್ನು ಮುರಿದು ಅವನು ಮುದುಕಿಗೆ ಅರ್ಧ ಕೊಟ್ಟ. ಅವಳು ಹಲ್ಲಿಲ್ಲದ ಬಾಯಲ್ಲಿ ಅದನ್ನು ಬಹಳ ಹೊತ್ತು ಅಗಿದಳು.

ಮಳೆ ಬಂತು. ಕೆಳಗಿನ ಊರಿಗೆ ಜ್ವರವೂ ಬಂತು. ತಂಗಿಯ ಮಗು ಮೈ ಸುಡುತ್ತ ಮಲಗಿತ್ತು. ಅಂಬಿಗ ಔಷಧಿಯ ಗಂಟನ್ನು ದೋಣಿಯ ಹೊಟ್ಟೆಗೆ ಕಟ್ಟಿ ಹೊರಟ. ಊರಿಗೆ ಊರೇ ದಡದಲ್ಲಿ ಕಾಯುತ್ತಿತ್ತು, ಮುಂದೆ ತಂಗಿ. ಎಲ್ಲ ಬಂಡೆಗಳನ್ನೂ ದಾಟಿದವನು ಕೊನೆಯ ಬಂಡೆಯ ಹತ್ತಿರ, ಅಷ್ಟು ಜನರ ಕಣ್ಣೆದುರಿಗೆ, ಮುಗುಚಿದ. ದಡದವರಿಗೆ ಕಾಣುತ್ತಿದ್ದುದು ದೋಣಿಯ ಬೆನ್ನು ಮಾತ್ರ. ಯಾರೋ ಲೊಚಗುಟ್ಟಿದರು. ದೋಣಿ ಅರ್ಧ ಎದ್ದು ಮತ್ತೆ ಬಿತ್ತು.

"ಬಿಟ್ಟು ಈಜೋ ಅಣ್ಣಾ!" ಎಂದು ತಂಗಿ ಚೀರಿದಳು.

ನೀರಿನಡಿ ಇದ್ದವನಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೂ ಅವನು ಬಿಡುತ್ತಿರಲಿಲ್ಲ. ತಲೆಯನ್ನು ತೋಳಿಗೆ ಅವುಚಿಕೊಂಡು ಮಂಡಿ ಎತ್ತಿದ. ದೋಣಿ ಎದ್ದಿತು. ಎಲ್ಲಕ್ಕೂ ಕೊನೆಗೆ ಅವನ ತಲೆ ಕಂಡಿತು. ದಡಕ್ಕೆ ಬಂದವನು ಸೊಂಟದ ಎಣ್ಣೆಬಟ್ಟೆ ಬಿಚ್ಚಿ, ನೀರು ಸೋಕದ ಗಂಟನ್ನು ತಂಗಿಯ ಮಡಿಲಿಗೆ ಹಾಕಿದ. ಮಗುವಿನ ಜ್ವರ ಇಳಿಯಿತು.

ಅಂದಿನಿಂದ ಅಂಬಿಗ ತನ್ನ ದೋಣಿ ಮುಗುಚಿಲ್ಲವೆಂದು ಯಾರಿಗೂ ಹೇಳಲಿಲ್ಲ. ತಂಗಿಯ ಊರಿಗೆ ಬಂದವರನ್ನೆಲ್ಲ ಆ ಹೊಳೆಯ ಹತ್ತಿರ ಕರೆದೊಯ್ದು, ಬೆರಳು ತೋರಿಸಿ, ನಾನು ಮುಗುಚಿದ್ದು ಅಗೋ ಆ ಬಂಡೆಯ ಹತ್ತಿರ ಎನ್ನುತ್ತಿದ್ದ. ಹೇಳುವಾಗ ಅವನ ಎದೆ ಉಬ್ಬುತ್ತಿತ್ತು. ಉಬ್ಬಲಿ ಬಿಡು. ನೆನೆದರೆ ನನಗೇ ಹೆಮ್ಮೆಯಾಗುತ್ತದೆ.

ಗುರುಗಳು ಕತೆ ಮುಗಿಸಿದರು. ಬಸಲಿಂಗನ ಮುಖ ಅರಳಿತ್ತು.

"ಅಂತೂ ಅಷ್ಟು ಜನರ ಮುಂದೆ ಅವನ ಮಾನ ಉಳಿಯಿತು, ಗುರುಗಳೇ" ಎಂದ.

"ಅವನ ಮಾನ ಹಾಗಿರಲಿ, ನಿನ್ನೆ ಕೇಳಲು ಕೂತವರಿಗೆಂದು ನೀನು ಒಯ್ದ ಗಂಟು ಎಲ್ಲಿ, ಬಸಲಿಂಗ?"