ಹಲ್ಲಿ ಲೊಚಗುಟ್ಟದ ಮನೆ

ಹೆಗ್ಗಣಪ್ಪನ ಬಾಡಿಗೆ ಮನೆಯ ವೈರಿಂಗ್ ತಪಾಸಣೆಗೆ ಬಂದ ಹಲ್ಲಿ, "ಈ ಮನೆ ಪಾಸಾಗುವುದಿಲ್ಲ. ಸ್ವಿಚ್ ಬೋರ್ಡಿನ ಹಿಂದೆ ವೈರು ಸುಲಿದು ತಂತಿ ಹೊರಗೆ ಬಂದಿದೆ," ಎಂದಿತು. ಬಾಡಿಗೆಗಿದ್ದ ಅಳಿಲಮ್ಮ ಮರಿಗಳನ್ನು ಅವಚಿಕೊಂಡಳು.

"ಎಲ್ಲ ಕೆಟ್ಟ ದೃಷ್ಟಿ ಕಣಮ್ಮ," ಎಂದ ಹೆಗ್ಗಣಪ್ಪ ಓಡಿಹೋಗಿ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದು ಬೋರ್ಡಿಗೇ ಕಟ್ಟಿದ. "ಈಗ ಮನೆ ಭದ್ರ," ಎಂದು ಹಲ್ಲಿಯ ಮುಖ ನೋಡಿದ. ಆಡಿದ ಮಾತು ನಿಜವಾದರೆ ಹಲ್ಲಿ ಲೊಚಗುಟ್ಟುತ್ತದೆಂದು ಊರಿಗೆಲ್ಲ ಗೊತ್ತು. ಹಲ್ಲಿ ಸುಮ್ಮನಿತ್ತು.

ಹೆಗ್ಗಣಪ್ಪ ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದ. ಅಷ್ಟರಲ್ಲಿ ನಿಂಬೆರಸ ತೊಟ್ಟಿಕ್ಕಿ ಬೋರ್ಡಿನೊಳಗಿಳಿದು ಚಟಚಟನೆ ಕಿಡಿ ಹಾರಿತು. ಹೊಳೆಯುವ ಕಿಡಿ ಹಿಡಿಯಲು ಅಳಿಲಿನ ಮರಿಯೊಂದು ಜಿಗಿಯಿತು. ಹೆಗ್ಗಣಪ್ಪ ಅದರ ಬಾಲ ಹಿಡಿದು ಎಳೆದುಕೊಂಡ. ಅವನ ಮೀಸೆ ಸುಟ್ಟಿತು.

"ನಾನು ಫೇಲು ಮಾಡಿದ್ದು ವೈರನ್ನು, ನಿಮ್ಮ ಗ್ರಹಚಾರವನ್ನಲ್ಲ," ಎಂದಿತು ಹಲ್ಲಿ.

ಹೆಗ್ಗಣಪ್ಪ ನೆಗೆದು ಮೇನ್ ಸ್ವಿಚ್ ಆಫ್ ಮಾಡಿದ. ಅಳಿಲಮ್ಮನ ಸಂಸಾರಕ್ಕೆ ತನ್ನ ಸ್ವಂತ ಬಿಲ ಬಿಟ್ಟುಕೊಟ್ಟು ತಾನು ಹೊರಗೆ ಮಲಗಿದ. ನೇಯುವುದರಲ್ಲಿ ಪಳಗಿದ ಗೀಜಗನನ್ನು ಕರೆಸಿ, ಹಳೆಯ ವೈರೆಲ್ಲ ಕೀಳಿಸಿ ಹೊಸದು ಎಳೆಸಿದ. ಆಮೇಲೆ ತಾನೇ ಹೋಗಿ ಹಲ್ಲಿಯನ್ನು ಕರೆತಂದ. ಹಲ್ಲಿ ಒಂದು ಗೋಡೆಯನ್ನೂ ಬಿಡದೆ ಹತ್ತಿ ನೋಡಿತು.

ಈ ಸಲ ಹೆಗ್ಗಣಪ್ಪ ಬಾಯಿ ಬಿಡಲಿಲ್ಲ. ಅಳಿಲಮ್ಮನೇ ಮರಿಗಳಿಗೆ, "ಬನ್ನಿ, ಒಳಗೆ ಹೋಗೋಣ. ಇನ್ನು ಭಯವಿಲ್ಲ," ಎಂದಳು.

ಗೋಡೆಯ ಮೇಲಿಂದ ಹಲ್ಲಿ ಲೊಚಗುಟ್ಟಿತು.