ವರ್ತಕನು ಒಯ್ದ ಪ್ರಶ್ನೆಗಳು

"ಗುರುಗಳೇ, ಮಠ ಸೇರಲು ಬಂದವರ ಗುಣವನ್ನು ನಮ್ಮ ಪ್ರಶ್ನೆಗಳಿಂದ ಅಳೆಯುತ್ತೇವೆ. ಘಟ್ಟದಾಚೆಯಿಂದ ಬಂದ ಈ ಮನುಷ್ಯ ಎಲ್ಲಕ್ಕೂ ತಪ್ಪು ಉತ್ತರ ಕೊಟ್ಟ. ಹಿಂದಕ್ಕೆ ಕಳಿಸಲೇ?" ಎಂದು ಶಿಷ್ಯ ಅಡವಯ್ಯ ಕೇಳಿದ. ಹಸಿದು ಬಂದವರಿಗೆ ಸೀದ ಅನ್ನ ಬಡಿಸಿದ್ದಕ್ಕೆ ಬೆಳಿಗ್ಗೆಯಷ್ಟೇ ಗುರುಗಳಿಂದ ಬೈಸಿಕೊಂಡಿದ್ದ. ಅದಕ್ಕೇ ತುಸು ದೂರ ನಿಂತಿದ್ದ.

ಗುರುಗಳು ಅವನನ್ನು ಕೂರಿಸಿ ಹೇಳಿದರು:

ಒಬ್ಬ ವರ್ತಕ ತಾಯಿಯಿಲ್ಲದ ತನ್ನ ಕೂಸಿನೊಡನೆ ದೂರದ ನಾಡಿಗೆ ಹೋದ. ಅಲ್ಲಿಂದ ಮುಂದೆ ಮರುಭೂಮಿ, ಕೂಸು ಉಳಿಯುವಂತಿರಲಿಲ್ಲ. ತಾನು ಮರಳುವತನಕ ಅದನ್ನು ಯಾರ ಮಡಿಲಲ್ಲಿ ಬಿಡುವುದು? ಅವನ ನಾಡಿನಲ್ಲಿ ಮನುಷ್ಯನ ಗುಣ ತಿಳಿಯಲು ಹಿರಿಯರು ಕಟ್ಟಿದ ಪ್ರಶ್ನೆಗಳಿದ್ದವು. ಅವು ಎಂದೂ ಸುಳ್ಳಾಗಿರಲಿಲ್ಲ. ದುಭಾಷಿಯೊಬ್ಬ ಅವನ್ನು ಒಂದಿಷ್ಟೂ ತಪ್ಪದಂತೆ ಅಲ್ಲಿನ ಮಾತಿಗೆ ತಂದ.

ಮೊದಲ ಪ್ರಶ್ನೆ, 'ನಿನಗೆ ಸಿಟ್ಟು ಬರುತ್ತದೆಯೇ?' ಕೇಳಿಸಿಕೊಂಡವರೆಲ್ಲ ಎದೆಯುಬ್ಬಿಸಿ ಬರುತ್ತದೆ ಎಂದರು. ಊರಿಗೆ ಊರೇ ದುಷ್ಟರದೆಂದು ವರ್ತಕ ಹೆದರಿದ. ಕೊನೆಗೆ ಒಬ್ಬ ಮಾತ್ರ ನಸುನಕ್ಕು ಇಲ್ಲ ಎಂದ. ಉಳಿದುದಕ್ಕೂ ತಕ್ಕ ಉತ್ತರವನ್ನೇ ಕೊಟ್ಟ. ಹೋದ ಜೀವ ಬಂದಂತಾಗಿ ವರ್ತಕ, ನಾಳೆ ಕೂಸನ್ನು ತರುತ್ತೇನೆಂದು ಅವನಿಗೆ ಮಾತು ಕೊಟ್ಟ.

ಬಿಡಾರದಲ್ಲಿ ನೆರೆಮನೆಯ ಹೆಂಗಸು ಕೂಸನ್ನು ಮಲಗಿಸುತ್ತಿದ್ದಳು. ಅದಕ್ಕೆ ಜ್ವರ ಬಂದಾಗ ಹಗಲಿರುಳು ಎದೆಗವಚಿಕೊಂಡು ಬದುಕಿಸಿದವಳು ಅವಳೇ. ಬಾಯಿ ಜೋರೆಂದು ವರ್ತಕ ಅವಳನ್ನು ಕೇಳಲೇ ಹೋಗಿರಲಿಲ್ಲ. ಅಪ್ಪಟ ಚಿನ್ನವೆಂದು ಗೊತ್ತಿರುವುದನ್ನು ಉಜ್ಜಿದರೆ ಒರೆಗಲ್ಲಿನ ಗುಣವೂ ತಿಳಿದೀತು ಎನ್ನಿಸಿ, ಈಗ ಅವಳನ್ನೂ ಕೇಳಿದ.

'ಸಿಟ್ಟು ಬರದೆ ಏನಣ್ಣ? ಜ್ವರದಲ್ಲಿ ನಿಮ್ಮ ಆಳು ಇದಕ್ಕೆ ತಣ್ಣೀರು ಕುಡಿಸಲು ಬಂದಾಗ ಕೊಳ್ಳಿ ಹಿಡಿದು ಓಡಿಸಿದೆ. ಯಾರಿಗೋಸ್ಕರವೂ ಸಿಟ್ಟಾಗದವನಿಗೆ ಯಾರೂ ತನ್ನವರಲ್ಲ. ಅಂಥವನ ಕೈಗೆ ನಮ್ಮೂರಲ್ಲಿ ಕರುವನ್ನೂ ಕೊಡುವುದಿಲ್ಲ.'

ವರ್ತಕನ ಪ್ರಶ್ನೆಗಳ ಲೆಕ್ಕದಲ್ಲಿ ಅವಳಿಗಿಂತ ಕೆಟ್ಟವರಿಲ್ಲ. ಕೂಸು ಮಾತ್ರ ಅವಳ ಸೆರಗು ಹಿಡಿದು ನಿದ್ದೆಹೋಗಿತ್ತು. ದುಷ್ಟರೆಂದು ತಾನು ಬಿಟ್ಟುಬಂದ ಮುಖಗಳೆಲ್ಲ ಅವನ ಕಣ್ಣಮುಂದೆ ನಿಂತವು. ತಾನು ಕಾಣದ ಒಳ್ಳೆಯತನ ಲೋಕದಲ್ಲಿ ಇಷ್ಟೊಂದಿತ್ತೇ ಎಂದು ಬೆರಗಾಗಿ ಅವಳಿಗೆ ಕೈಮುಗಿದ. ಕೂಸನ್ನು ಅವಳಲ್ಲೇ ಬಿಟ್ಟು ಹೊರಟ.

ಗುರುಗಳು ಕಥೆ ಮುಗಿಸಿದರು. ಅಡವಯ್ಯ ಬಾಗಿಲ ಕಡೆ ನೋಡಿದ. ಘಟ್ಟದಾಚೆಯವನು ಇನ್ನೂ ಬಿಸಿಲಲ್ಲೇ ನಿಂತಿದ್ದ.

"ನಮ್ಮ ಮೊದಲ ಪ್ರಶ್ನೆಯೂ ಅದೇ, ಗುರುಗಳೇ. ಸಿಟ್ಟು ಬರುತ್ತದೆಯೇ ಎಂದು" ಎಂದ ಮೆಲ್ಲಗೆ.

"ಹಾಗಾದರೆ ಅದನ್ನು ಮೊದಲು ನನ್ನನ್ನು ಕೇಳು."